ಎಣ್ಣೆ ತಿಕ್ಕಿದರೆ ಇಳಿಯದ ಬಾವು

ಲೋಲಾಕ್ಷಿಯ ಹಿಂದಿ ಕೇಳಿ ನಗದವರು ರಾಜಧಾನಿಯ ಜನಕಪುರಿಯ ಆ ಬೀದಿಯಲ್ಲಿ ಯಾರೂ ಇಲ್ಲ. ಕುಂದಾಪುರ ಬಿಟ್ಟು ಇಪ್ಪತ್ತೆರಡು ವರ್ಷವಾದರೂ ಹಿಂದಿಯಲ್ಲಿ ಹೆಣ್ಣಾದ ರೊಟ್ಟಿ ಅವಳ ಬಾಯಲ್ಲಿ ಗಂಡು, ಗಂಡಾದ ನೀರು ಹೆಣ್ಣು. ಗಂಡ ಅಣ್ಣು ದೋಸೆ ಹೋಟೆಲು ನಡೆಸುತ್ತಾನೆ. ತರಕಾರಿ ಭಯ್ಯಾನ ಜೊತೆ ಚೌಕಾಸಿ ಮಾತ್ರ ಇವಳದೇ ಇಲಾಖೆ.

ಅವರಿಗೆ ಒಬ್ಬಳೇ ಮಗಳು, ಹತ್ತೊಂಬತ್ತರ ಪ್ರಣೀತಾ. ಹುಟ್ಟಿದಾಗ ಗಂಡುಮಗುವೆಂದು ತಿಲಕ್ ಎಂಬ ಹೆಸರಿಟ್ಟಿದ್ದರು. ಎರಡು ವರ್ಷದ ಹಿಂದೆ ಅವಳು "ನಾನು ಹುಡುಗಿ" ಎಂದು ಬಾಯಿ ಬಿಟ್ಟು ಹೇಳಿದಾಗ ಮನೆಯಲ್ಲಿ ಅಳು, ಮುನಿಸು ಎಲ್ಲ ಆಯಿತು. ಈಗ ಮನೆಯೊಳಗೆ ಅವಳು ಪ್ರಣೀತಾ. ಹೊರಗಿನವರಿಗೆ ಏನು ಹೇಳುವುದು ಎಂಬುದೇ ಲೋಲಾಕ್ಷಿಯ ಚಿಂತೆ.

ಒಂದು ಬೆಳಿಗ್ಗೆ ಪ್ರಣೀತಾಳ ಎಡಗಾಲಿನ ಮೀನಖಂಡ ಊದಿಕೊಂಡಿತ್ತು. ಮುಟ್ಟಿದರೆ ಬಿಸಿ. ಲೋಲಾಕ್ಷಿ ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕಲು ಕೂತಳು. ಅವಳಿಗೆ ಗೊತ್ತಿದ್ದದ್ದು ಎಲ್ಲ ನೋವಿಗೂ ಅದೊಂದೇ ಮದ್ದು. ದೋಸೆ ಹಿಟ್ಟು ಒಯ್ಯಲು ಬಂದ ಎದುರುಮನೆಯ ಕನ್ನಡತಿ ನರ್ಸ್ ಸುಮಿತ್ರಾ ನೋಡಿದವಳೇ ತಡೆದಳು.

"ಲೋಲಾಕ್ಷಕ್ಕ, ಕೈ ತೆಗೀರಿ. ಒಂದೇ ಕಾಲು ಊದಿ, ಬಿಸಿಯಾಗಿ ನೋಯ್ತಿದ್ರೆ ತಿಕ್ಕಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದು ಜಾರಿ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ."

ಲೋಲಾಕ್ಷಿ ಎಣ್ಣೆಯ ಬಟ್ಟಲನ್ನು ದೂರ ಸರಿಸಿದಳು.

"ಪ್ರಣೀತಾ, ಯಾವುದಾದ್ರೂ ಮಾತ್ರೆ ತಗೊಳ್ತಿದ್ದೀಯಾ ಪುಟ್ಟಾ?" ಸುಮಿತ್ರಾ ಕೇಳಿದಳು.

ಪ್ರಣೀತಾ ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದಳು. "ಮೈ ಹೆಣ್ಣಿನ ಹಾಗಾಗ್ಲಿ ಅಂತ ಹಾರ್ಮೋನ್ ಗೋಲಿ, ದೀದಿ. ಫ್ರೆಂಡ್ ಕೊಡಿಸಿದ್ದು. ನಾಲ್ಕು ತಿಂಗಳಾಯ್ತು."

"ಡಾಕ್ಟರ್‌ಗೆ ತೋರಿಸದೇನೇ?"

"ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಕನ್ನಡದಲ್ಲಿ 'ಬಂದಿದ್ದೀನಿ' ಅಂದ್ರೆ ಮುಗೀತು. ಹಿಂದಿಯಲ್ಲಿ ಗಂಡಾದ್ರೆ 'ಆಯಾ ಹೂಂ', ಹೆಣ್ಣಾದ್ರೆ 'ಆಯೀ ಹೂಂ'. ನಾನು 'ಆಯೀ ಹೂಂ' ಅಂದೆ. ಗುರುತಿನ ಕಾರ್ಡ್‌ನಲ್ಲಿ ತಿಲಕ್ ಅಂತಿತ್ತು. ಕಾಂಪೌಂಡರ್ ನಕ್ಕ, ಕೂತಿದ್ದವರೆಲ್ಲ ನಕ್ಕರು. ಅಷ್ಟೇ, ವಾಪಸ್ ಬಂದೆ."

ಇಷ್ಟು ದಿನ ಇದನ್ನು ಮಗಳು ಒಬ್ಬಳೇ ನುಂಗಿಕೊಂಡಿದ್ದಳಲ್ಲ ಎಂದು ಲೋಲಾಕ್ಷಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಆದರೂ ಹೆದರಿಕೆ ಬಿಡಲಿಲ್ಲ.

"ಈಗಲೂ ಹಾಗೇ ಮಾಡಿದ್ರೆ ಎಂತ ಮಾಡೋದು ಮಾರಾಯ್ತಿ? ಕಾರ್ಡಲ್ಲಿ ಹಳೇ ಹೆಸರು, ಕೈಯಲ್ಲಿ ಸರ್ಕಾರದ ಟ್ರಾನ್ಸ್‌ಜೆಂಡರ್ ಸರ್ಟಿಫಿಕೇಟ್ ಇಲ್ಲ. ನೋಡೋದೇ ಇಲ್ಲ ಅಂದುಬಿಟ್ರೆ?"

"ಟ್ರಾನ್ಸ್‌ಜೆಂಡರ್ ಅನ್ನೋ ಕಾರಣಕ್ಕೆ ಚಿಕಿತ್ಸೆ ಕೊಡಲ್ಲ ಅನ್ನೋ ಹಾಗಿಲ್ಲ, ಅದಕ್ಕೆ ಕಾನೂನೇ ಇದೆ. ಊದಿದ ಕಾಲು ತೋರಿಸೋಕೆ ಯಾವ ಸರ್ಟಿಫಿಕೇಟೂ ಬೇಡ. ಯಾವ ಹೆಸರಲ್ಲಿ ಕರೀಬೇಕು ಅಂತ ಕೌಂಟರ್‌ನಲ್ಲೇ ಹೇಳೋಣ. ಆದ್ರೆ ಪುಟ್ಟಾ, ಡಾಕ್ಟರ್ ಹತ್ರ ಗೋಲಿ ವಿಷಯ ಮುಚ್ಚಿಡಬೇಡ. ಅಂಥ ಗೋಲಿಯಿಂದಲೂ ರಕ್ತ ಹೆಪ್ಪುಗಟ್ಟಬಹುದು. ಚಲೋ, ನಾನೂ ಬರ್ತೀನಿ."

ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೌಂಟರಿನವನು ಕಾರ್ಡ್ ನೋಡಿದ, ಪ್ರಣೀತಾಳನ್ನು ನೋಡಿದ, ಮತ್ತೆ ಕಾರ್ಡ್ ನೋಡಿದ. ಪ್ರಣೀತಾ ಒಂದು ಹೆಜ್ಜೆ ಹಿಂದೆ ಸರಿದಳು. ಲೋಲಾಕ್ಷಿ ತಡೆಯಲಾರದೆ ಮುಂದೆ ನುಗ್ಗಿ, ಮಗಳು ಬಂದಿದ್ದಾಳೆ, ಕಾಲು ಊದಿದೆ ಎಂದು ತನ್ನ ಹಿಂದಿಯಲ್ಲೇ ಹೇಳಿದಳು.

"ಭಯ್ಯಾ, ಮೇರಾ ಬೇಟೀ ಆಯಾ ಹೈ. ಪೈರ್ ಸೂಜ್ ಗಯೀ ಹೈ."

ಅವನು ನಗು ತಡೆದುಕೊಂಡು ತಿದ್ದಿದ. "ಬೇಟೀ ಆಯಾ ನಹೀಂ, ಅಮ್ಮಾಜೀ. ಮೇರೀ ಬೇಟೀ ಆಯೀ ಹೈ."

ಅವನು ತಿದ್ದಿದ್ದು ವ್ಯಾಕರಣವನ್ನು ಅಷ್ಟೇ. ಆದರೆ ಮಗಳು ಅಮ್ಮನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ತನ್ನ ಹಿಂದಿಯನ್ನು ಯಾರಾದರೂ ತಿದ್ದಿದರೆ ಉರಿದುಬೀಳುವ ಲೋಲಾಕ್ಷಿಗೆ ಅಂದು ಮೊದಲ ಸಲ ಖುಷಿಯಾಯಿತು. ಏನೆಂದು ಕರೆಯಬೇಕು ಎಂದು ಅವನೇ ಕೇಳಿದ. ಚೀಟಿಯಲ್ಲಿ ಹಳೆಯ ಹೆಸರಿನ ಪಕ್ಕದಲ್ಲಿ ಪ್ರಣೀತಾ ಎಂದು ಬರೆದ.

ಡಾಕ್ಟರಮ್ಮ ಮಾತ್ರೆಯ ಹೆಸರು ಕೇಳಿದರು. ಪ್ರಣೀತಾ ಒಂದನ್ನೂ ಬಿಡದೆ ಹೇಳಿದಳು. ಅವರು ಬೈಯಲಿಲ್ಲ, ನಗಲೂ ಇಲ್ಲ. ಸ್ಕ್ಯಾನ್ ಮಾಡಿಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ನಿಜ, ಸದ್ಯ ಅಲ್ಲಿಂದ ಕದಲಿರಲಿಲ್ಲ. ಸರಿಯಾದ ಹೊತ್ತಿಗೆ ಬಂದಿರಿ ಎಂದರು. ರಕ್ತ ತೆಳುವಾಗಿಸುವ ಔಷಧ ಶುರುವಾಯಿತು. ಫ್ರೆಂಡ್ ಕೊಡಿಸಿದ ಮಾತ್ರೆ ಅಂದೇ ನಿಂತಿತು. ಗುಣವಾದ ಮೇಲೆ ಹಾರ್ಮೋನ್ ತಜ್ಞರು ಪರೀಕ್ಷೆ ಮಾಡಿ, ಅವಳ ಮೈಗೆ ಹೊಂದುವ ಚಿಕಿತ್ಸೆ ಹೇಳುತ್ತಾರಂತೆ.

ಹೋಟೆಲಿನ ಏಪ್ರನ್ನಿನಲ್ಲೇ ಓಡಿ ಬಂದಿದ್ದ ಅಣ್ಣು ಮಗಳ ತಲೆ ಸವರಿದ. "ಆ ತಜ್ಞರ ಹತ್ರ ನಾನು ಕರ್ಕೊಂಡು ಹೋಗ್ತೇನೆ. ಒಬ್ಬಳೇ ಹೋಗಬೇಡ."

ಲೋಲಾಕ್ಷಿ ಬೆಂಚಿನ ಮೇಲೆ ಕುಸಿದು ಕೂತು ಮನಸಾರೆ ಅತ್ತಳು. ಎದೆಯ ಮೇಲಿನ ಕಲ್ಲು ಇಳಿದಿತ್ತು.

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮನೆಯಲ್ಲೂ ಇಂಥ ಮಗುವಿರಬಹುದು. ಅದು ಕದ್ದು ಮಾತ್ರೆ ನುಂಗುವಂತೆ ಮಾಡಬೇಡಿ. ಒಂದು ಕಾಲು ಊದಿದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮನಸ್ಸು ಕುಗ್ಗಿದ್ದರೆ 14416ಕ್ಕೆ ಫೋನ್ ಮಾಡಿ, ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಾಲ್ಕು ಜನ ಏನಂದಾರು ಎಂದು ಕಾಯುತ್ತ ಕೂರಬೇಡಿ. ನಿಮ್ಮ ಮಗುವಿನ ಉಸಿರು ನಿಂತರೆ ಆ ನಾಲ್ಕು ಜನ ಅದನ್ನು ತಂದುಕೊಡುವುದಿಲ್ಲ. ಮಗುವಿನ ಕೈ ಹಿಡಿದು ಆಸ್ಪತ್ರೆಯ ಕೌಂಟರಿನವರೆಗೆ ನೀವೇ ನಡೆಯಿರಿ.