ಮೈಯೊಳಗಿನ ಒಲೆ

ಬೋರಮ್ಮನ ಕೈಗುಣದ ಬಗ್ಗೆ ನಮ್ಮೂರಿನಲ್ಲಿ ಎರಡು ಮಾತಿರಲಿಲ್ಲ. ಯಾರ ಮನೆಯಲ್ಲಿ ರೇಷ್ಮೆಹುಳು ಮಂಕಾದರೂ ಇಲಾಖೆಯವರಿಗಿಂತ ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು. ಅವಳು ಬಂದು, ಕಾಲು ತೊಳೆದು, ಹುಳುಮನೆಯ ನಡುವೆ ಕಣ್ಣು ಮುಚ್ಚಿಕೊಂಡು ಒಂದು ಗಳಿಗೆ ನಿಲ್ಲುವಳು. ಆಮೇಲೆ ಕೆಂಡ ಇಡಿ ಎನ್ನುವಳು, ಇಲ್ಲವೇ ಗೋಣಿತಾಟು ನೆನೆಸಿ ಸುತ್ತ ಕಟ್ಟಿ ಎನ್ನುವಳು. ಅಷ್ಟು ಹೇಳಿ ಎಲೆಅಡಿಕೆ ಹಾಕಿಕೊಂಡು ಹೊರಟುಬಿಡುವಳು. ಬೆಳೆ ಉಳಿಯುತ್ತಿತ್ತು. ಉಳಿಯದಿದ್ದಾಗ ಮೊಟ್ಟೆಯೇ ಸರಿಯಿರಲಿಲ್ಲ ಎಂದು ನಾವೆಲ್ಲ ಒಪ್ಪಿಕೊಳ್ಳುತ್ತಿದ್ದೆವು.

ರೇಷ್ಮೆಹುಳುವಿಗೆ ಸ್ವಂತ ಕಾವು ಇಲ್ಲ. ಮನೆ ತಣ್ಣಗಿದ್ದರೆ ಹುಳುವೂ ತಣ್ಣಗೆ, ಮೇವು ಬಿಟ್ಟು ಸುಮ್ಮನೆ ಬಿದ್ದಿರುತ್ತದೆ. ಮನೆ ಕಾದರೆ ಹುಳುವೂ ಕಾಯುತ್ತದೆ, ರೋಗ ಬಂದು ಕೊಳೆಯುತ್ತದೆ. ಹೀಗಾಗಿ ಸಾಕುವವರು ಹುಳುವನ್ನು ನೋಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ಮನೆಯನ್ನು ನೋಡಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಕೆಂಡ, ಬೇಸಿಗೆಯಲ್ಲಿ ಒದ್ದೆ ಗೋಣಿ, ಎಲ್ಲ ಕಾಲದಲ್ಲೂ ಮುಚ್ಚಿದ ಬಾಗಿಲು. ಬಾಗಿಲು ತೆರೆದಿದ್ದರೆ ಊಜಿ ನೊಣ ನುಗ್ಗಿ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಅಲ್ಲಿಗೆ ಬೆಳೆ ಮುಗಿಯಿತು. ಬೋರಮ್ಮನ ಮನೆಗೆ ಹೋದವರಿಗೆ ಮೊದಲು ಸಿಗುತ್ತಿದ್ದ ಸ್ವಾಗತವೇ ‘ಬಾಗ್ಲು ಹಾಕುದ್ರಾ?’ ಎಂಬ ಪ್ರಶ್ನೆ. ಕುಡಿಯಲು ನೀರು ಬರುತ್ತಿದ್ದದ್ದು ಅದಕ್ಕೆ ಉತ್ತರ ಕೊಟ್ಟ ಮೇಲೆ.

ಹಾರೋಹಳ್ಳಿಯ ಇಂಡಸ್ಟ್ರಿಯಲ್ ಏರಿಯಾ ನಮ್ಮೂರಿನ ಕಡೆಗೆ ಬೆಳೆದಾಗ ಬೋರಮ್ಮನ ಹಿಪ್ಪುನೇರಳೆ ತೋಟ ಅದರೊಳಗೆ ಸೇರಿಹೋಯಿತು. ಪರಿಹಾರ ಬಂತು, ಮಗ ಸ್ವಾಮಿಗೆ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸವೂ ಸಿಕ್ಕಿತು, ಯಾರೂ ಅಳಲಿಲ್ಲ. ಸೊಪ್ಪಿಲ್ಲದ ಹುಳುಮನೆ ಮಾತ್ರ ವಾಸದ ಮನೆಗೆ ಅಂಟಿಕೊಂಡು ಖಾಲಿ ನಿಂತಿತ್ತು. ಸ್ವಾಮಿ ಅದನ್ನು ಹಿಂದಕ್ಕೆ ಉದ್ದ ಮಾಡಿ, ಪಕ್ಕದ ಗೋಡೆಗಳನ್ನು ಅರ್ಧಕ್ಕೆ ಒಡೆಸಿ, ಜಾಲರಿ ಹಾಕಿಸಿ ಫಾರಂ ಕೋಳಿಯ ಶೆಡ್ ಮಾಡಿದ. ಮರಿ, ಮೇವು, ಔಷಧಿ ಕಂಪನಿಯದು. ಶೆಡ್ಡು, ನೀರು, ಆರೈಕೆ ಇವರದು.

ಮೊದಲ ಮರಿಗಳು ಬಂದದ್ದು ಚಳಿಗಾಲದಲ್ಲಿ. ಮೊಟ್ಟೆಯೊಡೆದು ಬಂದ ಕೋಳಿಮರಿಗೂ ಶುರುವಿನಲ್ಲಿ ಹೆಚ್ಚುಕಡಿಮೆ ಹುಳುವಿನದೇ ಗತಿ. ಮೈಮೇಲೆ ಬರೀ ತುಪ್ಪುಳ, ಒಳಗಿನ ಕಾವು ಸಾಲದು, ಸೇರಿಕೊಳ್ಳಲು ತಾಯಿಯ ರೆಕ್ಕೆ ಇಲ್ಲ. ಬಲ್ಬು ಉರಿಸಿ, ಇದ್ದಿಲ ಒಲೆಯಿಟ್ಟು ಕಾವು ಕೊಡಬೇಕು. ಬೋರಮ್ಮನಿಗೆ ಇದು ಹೇಳಿ ಮಾಡಿಸಿದ ಕೆಲಸ. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ಸೇರಿದರೆ ಕೆಂಡ ಹೆಚ್ಚಿಸುವಳು, ದೂರ ಚದುರಿದರೆ ಕಡಿಮೆ ಮಾಡುವಳು. ಕಂಪನಿಯ ಸೂಪರ್‌ವೈಸರ್ ಗಣೇಶ ಬೈಕಿನಲ್ಲಿ ಬಂದು ನೋಡಿ, ಇಡೀ ಕನಕಪುರ ತಾಲ್ಲೂಕಿನಲ್ಲಿ ಇಷ್ಟು ಕಡಿಮೆ ಮರಿ ಸತ್ತ ಶೆಡ್ ಇದೊಂದೇ ಎಂದ. ಅವನು ಎಲ್ಲ ಶೆಡ್ಡುಗಳಲ್ಲೂ ಹಾಗೇ ಹೇಳುತ್ತಿದ್ದಿರಬಹುದು. ಬೋರಮ್ಮ ನಂಬಿದಳು.

ಅದೇ ಗಣೇಶ ಇನ್ನೊಂದು ಮಾತನ್ನೂ ಹೇಳಿದ್ದ. ಪುಕ್ಕ ಬಲಿತ ಮೇಲೆ ಕೋಳಿ ಬೇರೆಯದೇ ಪ್ರಾಣಿ. ಹೊರಗೆ ಚಳಿಯಿರಲಿ ಬಿಸಿಲಿರಲಿ, ತನ್ನ ಮೈಯನ್ನು ಒಂದೇ ಹದದಲ್ಲಿ ಇಟ್ಟುಕೊಳ್ಳಲು ನೋಡುತ್ತದೆ. ತಿಂದ ಮೇವೇ ಅದರ ಸೌದೆ. ಚಳಿಯಾದರೆ ಪುಕ್ಕ ಉಬ್ಬಿಸಿ ಕಾವನ್ನು ಹಿಡಿದಿಡುತ್ತದೆ, ಸೆಕೆಯಾದರೆ ರೆಕ್ಕೆ ಅಗಲಿಸಿ ಬಿಟ್ಟುಕೊಡುತ್ತದೆ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ತೇಕುತ್ತದೆ, ಉಸಿರಿನ ತೇವ ಆರುವಾಗ ಒಳಗಿನ ಕಾವೂ ಅದರ ಜೊತೆ ಹೋಗುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗದ ಹಾಗೆ, ಸುತ್ತಲಿನ ಗಾಳಿಯೇ ಒದ್ದೆಯಾಗಿದ್ದರೆ ಆ ತೇವ ಆರುವುದಿಲ್ಲ, ಕಾವು ಒಳಗೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಜಾಲರಿಯ ಮೇಲಿನ ಪರದೆ ಎತ್ತಿ ಗಾಳಿ ಆಡಲು ಬಿಡಿ, ಒದ್ದೆ ಮಾಡಿ ಮುಚ್ಚಬೇಡಿ ಎಂದ. ಬೋರಮ್ಮ ಅವನಿಗೆ ಕಾಫಿ ಕೊಟ್ಟಳು. ಮಾತು ಕೇಳಿಸಿಕೊಂಡವಳು ಸೊಸೆ ಲತಾಮಣಿ, ಆಗ ಅವಳು ತುಂಬಿದ ಬಸುರಿ.

ಲತಾಮಣಿ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಆದರೆ ತವರಿನಲ್ಲಿ ತಾಯಿ ಇರಲಿಲ್ಲ, ಚನ್ನಪಟ್ಟಣದಲ್ಲಿದ್ದ ಅತ್ತಿಗೆ ಕೆಲಸಕ್ಕೆ ಹೋಗುವವಳು. ಬಾಣಂತನವನ್ನು ಅತ್ತೆಯೇ ಮಾಡಿದಳು, ಮನಸಾರೆ ಮಾಡಿದಳು. ಶೆಡ್ಡಿನ ಗೋಡೆಗೆ ತಾಗಿದ ಕೋಣೆಯ ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ಮೂಲೆಯಲ್ಲಿ ಕೆಂಡದ ಮಡಕೆ ಇಟ್ಟಳು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಮಗುವಿಗೆ ಕುಲಾವಿ, ಹಳೇ ಸೀರೆಯ ಎರಡು ಸುತ್ತು, ಮೇಲೊಂದು ಉಣ್ಣೆಯ ಹೊದಿಕೆ, ಮುಂಗೈಗೆ ಕೆಂಗಲ್ ಹನುಮಂತರಾಯನ ದಾರ. ಇದು ಬೋರಮ್ಮನೊಬ್ಬಳ ಪದ್ಧತಿಯಲ್ಲ, ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೆಯೇ. ಅವಳಾಗಿ ಸೇರಿಸಿದ್ದು ಒಂದನ್ನೇ. ಕೋಣೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತೆಂದು ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ಹುಳುಮನೆಗೂ ಹಾಗೆಯೇ ಹಾಕುತ್ತಿದ್ದಳು, ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ.

ಹೆಣ್ಣುಮಗು ಹುಟ್ಟಿದ್ದು ಯುಗಾದಿ ಕಳೆದ ಮೇಲೆ. ಆ ಹೊತ್ತಿಗೆ ಶೆಡ್ಡಿನಲ್ಲಿ ಬೇಸಿಗೆಯ ಮೊದಲ ಬ್ಯಾಚು ಬೆಳೆದು ನಿಂತಿತ್ತು, ಕೋಳಿ ಒಯ್ಯಲು ಕಂಪನಿಯ ಲಾರಿ ಬರುವುದೊಂದು ಬಾಕಿ. ಮಳೆ ಬಂದಿರಲಿಲ್ಲ. ಮಧ್ಯಾಹ್ನ ಊರಿನ ನಾಯಿಗಳು ಚರಂಡಿಯ ಕೆಸರಿನಲ್ಲಿ ನಾಲಿಗೆ ಚಾಚಿ ಮಲಗುತ್ತಿದ್ದವು. ಅಂಥ ಒಂದು ದಿನ ಕರೆಂಟು ಹೋಯಿತು, ಶೆಡ್ಡಿನ ಫ್ಯಾನುಗಳು ನಿಂತವು. ಸ್ವಾಮಿ ಕಾರ್ಖಾನೆಯಲ್ಲಿದ್ದ. ಬಿಸಿಗಾಳಿ ಒಳಗೆ ನುಗ್ಗುತ್ತಿರುವುದನ್ನು, ಕೋಳಿಗಳು ಬಾಯಿ ತೆರೆದು ನಿಂತಿರುವುದನ್ನು ಬೋರಮ್ಮ ನೋಡಿದಳು. ಅವಳಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಅಟ್ಟದ ಮೇಲಿಂದ ಹುಳುಮನೆಯ ಕಾಲದ ಗೋಣಿತಾಟು ಇಳಿಸಿ, ತೊಟ್ಟಿಯಲ್ಲಿ ಅದ್ದಿ, ಜಾಲರಿಯ ಉದ್ದಕ್ಕೂ ಕಟ್ಟಿದಳು. ಅದರ ಮೇಲೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟಳು. ನೆಲಕ್ಕೆ, ಗೋಡೆಗೆ ನೀರು ಎರಚಿ ಬಾಗಿಲು ಹಾಕಿದಳು. ಒಳಗೆ ಕತ್ತಲೂ ತಂಪೂ ಆದಂತೆ ಅವಳ ಕೆನ್ನೆಗೆ ಅನಿಸಿತು. ಕೆಲಸ ಮುಗಿಯಿತೆಂದು ಒಸಿ ಹೊತ್ತು ಜಗಲಿಯಲ್ಲಿ ಕೂತಳು.

ಗೋಡೆಯ ಈಚೆ ಮಲಗಿದ್ದ ಲತಾಮಣಿ ಕಿವಿಯ ಹತ್ತಿ ತೆಗೆದಳು. ಇಡೀ ದಿನ ಇರುವ ಕೊಕ್‌ಕೊಕ್ ಗಲಾಟೆ ನಿಂತುಹೋಗಿತ್ತು. ಅದರ ಬದಲು ಎಲ್ಲ ಕೋಳಿಗಳೂ ಒಟ್ಟಿಗೆ ತೇಕುವ ಸದ್ದು, ಗೋಡೆಯಲ್ಲೇ ಯಾರೋ ಉಸಿರಾಡಿದ ಹಾಗೆ. ಅವಳಿಗೆ ಗಣೇಶನ ಮಾತು ನೆನಪಾಯಿತು. ಆದರೆ ಅವಳ ನಿಜವಾದ ಚಿಂತೆ ಅದಾಗಿರಲಿಲ್ಲ. ಮಗು ಬೆಳಿಗ್ಗೆಯಿಂದ ಸರಿಯಾಗಿ ಮೊಲೆ ಹಿಡಿದಿರಲಿಲ್ಲ. ಮೊದಲು ರಚ್ಚೆ ಹಿಡಿದು ಅತ್ತಿತ್ತು, ಈಗ ಅಳುವುದನ್ನೂ ಬಿಟ್ಟಿತ್ತು. ಮುಖ ಕೆಂಪಾಗಿತ್ತು, ಎತ್ತಿದರೆ ಕತ್ತು ಜೋತು ಬೀಳುತ್ತಿತ್ತು. ಲತಾಮಣಿ ಬಾಗಿಲು ಬಡಿದಳು.

ಬೋರಮ್ಮ ಬಂದು ಚಿಲಕ ತೆಗೆದಳು, ಒಳಗೆ ಬಂದು ಬಾಗಿಲು ಹಾಕಿದಳು. ಮಗುವಿನ ಕತ್ತಿನ ಹಿಂದೆ ಅಂಗೈ ಇಟ್ಟಳು. ಕಾವಲಿಯ ಹಾಗೆ ಸುಡುತ್ತಿತ್ತು. ಗಾಳಿ ಸೋಕಿ ಜ್ವರ ಬಂದಿದೆ ಎಂದು ತೀರ್ಮಾನಿಸಿ, ಉಣ್ಣೆಯ ಹೊದಿಕೆಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿದಳು.

“ಅತ್ತೆಮ್ಮ, ಬಿಚ್ಚಣ. ಸೆಕೆಗೆ ಹಿಂಗಾಗೈತೆ ಅನ್ಸುತ್ತೆ,” ಎಂದಳು ಲತಾಮಣಿ. “ಕೋಳಿಗೂ ಪರದೆ ಎತ್ತಿ. ಒದ್ದೆ ಗಾಳೀಲಿ ತೇಕುದ್ರೆ ಕಾವು ಈಚೆಗೆ ಹೋಗಕಿಲ್ಲ ಅಂತ ಗಣೇಶಣ್ಣ ಹೇಳಿರ್ಲಿಲ್ವಾ?”

“ಕಾವಿನ ಪಾಠ ನಂಗೆ ಹೇಳ್ಬ್ಯಾಡ ಕಣೆ. ನಾನೆಷ್ಟು ಹುಳ ಸಾಕಿವ್ನಿ ಅಂತ ನಿಂಗೇನು ಗೊತ್ತು? ಬಿಚ್ಚೀಯ, ಜೋಕೆ. ಸ್ವಾಮಿ ಬರ್ಲಿ, ಡಾಕ್ಟ್ರತ್ರ ಕರ್ಕೊಂಡೋಗನ.”

ಹೊರಗೆ ಹೋಗಿ ಚಿಲಕ ಹಾಕಿದಳು. ಲತಾಮಣಿ ಮಗುವಿನ ಕುಲಾವಿ ಬಿಚ್ಚಿದಳು, ಮತ್ತೆ ಕಟ್ಟಿದಳು. ಅವಳಿಗೆ ಭಯವಾಗಿತ್ತು. ತಾನು ಬಿಚ್ಚಿ ಮಗುವಿಗೇನಾದರೂ ಆದರೆ ತಾನೇ ಕೊಂದಂತೆ. ಬಿಚ್ಚದೆ ಏನಾದರೂ ಆದರೆ ಸುಮ್ಮನೆ ನೋಡುತ್ತ ಕೂತಂತೆ. ತಾಯಿ ಇದ್ದಿದ್ದರೆ ಒಂದು ಮಾತು ಕೇಳಬಹುದಿತ್ತು. ಕುಲಾವಿಯ ಗಂಟು ಹಿಡಿದುಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಸಾಂಬ್ರಾಣಿಯ ಹೊಗೆ ಸೂರಿನ ತನಕ ತುಂಬಿತ್ತು. ಗೋಡೆಯಾಚೆಯ ತೇಕುವ ಸದ್ದು ಮೊದಲಿಗಿಂತ ತೆಳ್ಳಗಾಗುತ್ತ ಬಂತು.

ಸದ್ದು ತೆಳ್ಳಗಾದದ್ದು ಬೋರಮ್ಮನಿಗೂ ಕೇಳಿಸಿತು. ಕೋಳಿಗಳು ತಂಪಾಗಿ ಮಲಗಿದವೆಂದು ಸಮಾಧಾನಪಟ್ಟು ನೋಡಲು ಹೋದಳು. ಶೆಡ್ಡಿನ ಬಾಗಿಲು ತೆರೆದಾಗ ಹೊರಟ ಗಾಳಿ ಅನ್ನದ ಮಡಕೆಯ ಮುಚ್ಚಳ ಎತ್ತಿದಾಗಿನ ಗಾಳಿಯಂತಿತ್ತು. ನಡುವೆ ಇದ್ದ ಕೋಳಿಗಳೆಲ್ಲ ಕತ್ತು ಚಾಚಿ ಸತ್ತುಬಿದ್ದಿದ್ದವು. ಇನ್ನು ಕೆಲವು ರೆಕ್ಕೆಯನ್ನು ಮೈಯಿಂದ ದೂರ ಅಗಲಿಸಿ, ಎದೆಯನ್ನು ನೆಲಕ್ಕೆ ಊರಿ, ಬಾಯಿ ತೆರೆದು ಸಾಯುತ್ತಿದ್ದವು. ಬದುಕಿದ್ದವು ಬಾಗಿಲ ಹತ್ತಿರದವು. ಬಾಗಿಲ ಕೆಳಗಿನ ಸಂದಿಯನ್ನು ಬೋರಮ್ಮ ಮುಚ್ಚಿರಲಿಲ್ಲ, ಅಲ್ಲಿಗೆ ಕೊಕ್ಕು ಕೊಟ್ಟುಕೊಂಡು ಒಂದರ ಮೇಲೊಂದು ಬಿದ್ದಿದ್ದವು.

ಅವಳು ಬಗ್ಗಿ ಸತ್ತ ಕೋಳಿಯೊಂದನ್ನು ಎತ್ತಿಕೊಂಡಳು. ಅವಳ ಬದುಕಿನಲ್ಲಿ ಸತ್ತದ್ದು ತಣ್ಣಗಿರುತ್ತಿತ್ತು. ತಟ್ಟೆಗಟ್ಟಲೆ ಸತ್ತ ಹುಳುಗಳನ್ನು ಅವಳು ಬಾಚಿ ಗುಂಡಿಗೆ ಹಾಕಿದ್ದಳು, ಎಲ್ಲವೂ ತಣ್ಣಗೆ, ಮೆತ್ತಗೆ. ಇದು ಸುಡುತ್ತಿತ್ತು. ಪುಕ್ಕದೊಳಗೆ ಬೆರಳು ತೂರಿಸಿದರೆ ಬದುಕಿದ್ದ ಕೋಳಿಗಿಂತ ಹೆಚ್ಚು ಬಿಸಿ. ಶೆಡ್ಡಿನಲ್ಲಿ ಒಲೆಯಿಲ್ಲ, ಕೆಂಡವಿಲ್ಲ, ಬಲ್ಬೂ ಇಲ್ಲ. ಈ ಕಾವು ಅವಳು ಕೊಟ್ಟದ್ದಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ಒಳಗೇ ಹುಟ್ಟಿ, ಹೋಗಲು ದಾರಿಯಿಲ್ಲದೆ ಒಳಗೇ ನಿಂತದ್ದು. ಅದಕ್ಕಿಂತ ಹೆಚ್ಚಾಗಿ, ಇದೇ ಕಾವನ್ನು ಅವಳ ಅಂಗೈ ಸ್ವಲ್ಪ ಹೊತ್ತಿಗೆ ಮುಂಚೆ ಮುಟ್ಟಿತ್ತು. ಎಲ್ಲಿ ಎಂದು ಅವಳು ನೆನಪಿಸಿಕೊಳ್ಳಬೇಕಾಗಲಿಲ್ಲ. ಕೋಳಿ ಕೈಯಿಂದ ಬಿತ್ತು.

ಬೋರಮ್ಮ ಓಡಿದ್ದನ್ನು ನಮ್ಮೂರಿನವರು ಅದಕ್ಕೆ ಮುಂಚೆ ಕಂಡಿರಲಿಲ್ಲ. ಶೆಡ್ಡಿನ ಬಾಗಿಲು ಹಾಗೇ ಬಿಟ್ಟಿದ್ದಳು. ಕೋಣೆಯ ಚಿಲಕ ತೆಗೆದವಳು ಬಾಗಿಲನ್ನು ಗೋಡೆಗೆ ಬಡಿಯುವಂತೆ ನೂಕಿ, ಮೊದಲು ಕೆಂಡದ ಮಡಕೆಯನ್ನು ಹಿತ್ತಿಲಿಗೆ ಒಯ್ದು ಇಟ್ಟಳು. ಆಮೇಲೆ ಕಿಟಕಿಯ ಸಂದಿಯ ಬಟ್ಟೆಗಳನ್ನು ಕಿತ್ತಳು. ಬಣ್ಣ ಅಂಟಿ ಕಿಟಕಿ ಬಿಗಿದುಕೊಂಡಿತ್ತು. ಒನಕೆ ತಂದು ಗುದ್ದಿ ತೆರೆದಳು. ಲತಾಮಣಿ ಮಗುವನ್ನು ಎದೆಗೊತ್ತಿಕೊಂಡು ಮೂಲೆಗೆ ಸರಿದಳು, ಅತ್ತೆಗೆ ಏನೋ ಆಗಿದೆ ಎಂದೇ ಅವಳಿಗೆ ತೋರಿತು.

“ಕೊಡವ್ವ ಇಲ್ಲಿ,” ಎಂದಳು ಬೋರಮ್ಮ.

ಮಗುವನ್ನು ಚಾಪೆಯ ಮೇಲೆ ಮಲಗಿಸಿ ಉಣ್ಣೆಯ ಹೊದಿಕೆ ತೆಗೆದಳು. ಸೀರೆಯ ಸುತ್ತುಗಳನ್ನು ಬಿಚ್ಚಿದಳು. ಕುಲಾವಿಯ ಗಂಟು ಬಿಡದಿದ್ದಾಗ ಹಲ್ಲಿನಿಂದ ಕಚ್ಚಿ ಹರಿದಳು. ಮಗುವಿನ ಮೈಮೇಲೆ ಕೆಂಗಲ್ಲಿನ ದಾರವೊಂದೇ ಉಳಿಯಿತು. ಒದ್ದೆ ಬಟ್ಟೆಯಿಂದ ಮೈ ಒರೆಸಿ, ಮೊರ ಬೀಸಿದಳು. ಮಗು ಎರಡೂ ತೋಳನ್ನು ಮೈಯಿಂದ ದೂರ ಚಾಚಿ, ಬಾಯಿ ತೆರೆದುಕೊಂಡು ಮಲಗಿತ್ತು. ಹಾಗೆ ಮಲಗಿದ್ದವುಗಳನ್ನು ಬೋರಮ್ಮ ಈಗಷ್ಟೇ ಶೆಡ್ಡಿನಲ್ಲಿ ನೋಡಿ ಬಂದಿದ್ದಳು.

ಎಷ್ಟು ಹೊತ್ತಾಯಿತೆಂದು ಇಬ್ಬರಿಗೂ ಗೊತ್ತಿಲ್ಲ. ಬೋರಮ್ಮ ಮತ್ತೆ ಮತ್ತೆ ಕತ್ತಿನ ಹಿಂದೆ ಕೈಯಿಟ್ಟು ನೋಡಿದಳು. ಒಂದು ಸಲ ಕೈಯಿಟ್ಟಾಗ ಮಗು ಮುಖ ಹಿಂಡಿತು. ಆಮೇಲೆ ಕೀರಲು ದನಿಯಲ್ಲಿ ಅತ್ತಿತು, ಆಮೇಲೆ ಬೀದಿಗೆ ಕೇಳುವಂತೆ ಅತ್ತಿತು. ಲತಾಮಣಿ ಎತ್ತಿಕೊಂಡಳು, ಮಗು ಮೊಲೆ ಹುಡುಕಿ ಹಿಡಿಯಿತು.

ಬೋರಮ್ಮ ಸೊಸೆಯ ತಲೆಯ ಬಟ್ಟೆಯನ್ನೂ ಬಿಚ್ಚಿ, ಬೆವರಿಗೆ ಅಂಟಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು.

“ಇದುಕ್ಕೆ ಒಳಗೇ ಒಲೆ ಐತೆ ಕಣವ್ವ,” ಎಂದಳು. “ನಾನು ಹುಳ ಅನ್ಕೊಂಡ್ಬುಟ್ಟಿದ್ದೆ.”

ಕೆಲಸ ಮುಗಿಸಿ ಬಂದ ಸ್ವಾಮಿ ಆಟೋ ಮಾಡಿ ಎಲ್ಲರನ್ನೂ ಹಾರೋಹಳ್ಳಿಗೆ ಕರೆದುಕೊಂಡು ಹೋದ. ಮೈ ಬಿಸಿ ಇಳಿದಿದೆ, ಹಾಲು ಕುಡಿಯುತ್ತಿದೆ, ಸದ್ಯಕ್ಕೆ ಔಷಧಿ ಬೇಡ ಎಂದರು ಡಾಕ್ಟರು. ಎಷ್ಟು ಬಟ್ಟೆ ಸುತ್ತಿದ್ದಿರಿ ಎಂದು ಕೇಳಿದ್ದಕ್ಕೆ ಲತಾಮಣಿ ತಲೆ ತಗ್ಗಿಸಿದಳು, ಬೋರಮ್ಮನೇ ಒಂದೊಂದಾಗಿ ಹೇಳಿದಳು. ಕೆಂಡದ ಮಡಕೆಯನ್ನೂ ಚಿಲಕವನ್ನೂ ಬಿಡಲಿಲ್ಲ.

ವಾಪಸು ಬಂದಾಗ ಮುಸ್ಸಂಜೆ. ಶೆಡ್ಡಿನಲ್ಲಿ ಸತ್ತ ಕೋಳಿಗಳು ಹಾಗೇ ಬಿದ್ದಿದ್ದವು, ಗುಂಡಿ ತೋಡುವ ಕೆಲಸ ಬೆಳಿಗ್ಗೆಗೆ ಉಳಿದಿತ್ತು. ಲತಾಮಣಿ ಮಗುವನ್ನು ಕೋಣೆಯಲ್ಲಿ ಮಲಗಿಸಿದಳು, ಬೋರಮ್ಮ ಮೊರ ಹಿಡಿದು ಪಕ್ಕದಲ್ಲಿ ಕೂತಳು. ಕೊನೆಗೆ ಒಳಗೆ ಬಂದ ಸ್ವಾಮಿ, ಚಿಕ್ಕಂದಿನಿಂದ ರೂಢಿಯಾದಂತೆ, ಹಿಂದೆ ಕೈಚಾಚಿ ಬಾಗಿಲು ಎಳೆದ.

“ತೆಗ್ದೇ ಇರ್ಲಿ ಬುಡ್ಲಾ,” ಎಂದಳು ಬೋರಮ್ಮ.

ಸ್ವಾಮಿ ತಾಯಿಯ ಮುಖ ನೋಡಿದ, ಬಾಗಿಲು ಬಿಟ್ಟ. ಶೆಡ್ಡಿನ ಕಡೆಯಿಂದ ಗಾಳಿ ಬೀಸಿತು, ಅದರ ಜೊತೆ ಸತ್ತ ಕೋಳಿಗಳ ವಾಸನೆಯೂ ಮನೆಯೆಲ್ಲ ತುಂಬಿತು. ಬಾಗಿಲು ಹಾಕಲು ಯಾರೂ ಏಳಲಿಲ್ಲ.