ಟವೆಲ್ ಮುಚ್ಚಿ ಕೇಳಿದ ಹಾಡು

ನಲವತ್ತೇಳನೇ ಬೀದಿಯಲ್ಲಿರುವ ಅಲಾಂಜೊ ಟಿಬ್ಸ್‌ನ ಕ್ಷೌರದಂಗಡಿಗೆ ಭಾನುವಾರ ರಜೆ. ಆದರೆ ತಿಂಗಳ ಎರಡನೇ ಭಾನುವಾರ, ಚರ್ಚ್ ಮುಗಿದ ಮೇಲೆ ಹಿಂಬಾಗಿಲಿನಿಂದ ಒಳಗೆ ಹೋಗಿ ನೋಡಿ: ಮೂವರು ದೊಡ್ಡ ಮನುಷ್ಯರು ಕ್ಷೌರದ ಕುರ್ಚಿಗಳಲ್ಲಿ ಕಾಲು ಚಾಚಿ, ಮುಖದ ಮೇಲೆ ಟವೆಲ್ ಹೊದ್ದುಕೊಂಡು ಜಾಝ್ ಕೇಳುತ್ತಿರುತ್ತಾರೆ. ರೆಕಾರ್ಡ್ ಯಾರದೆಂದು ಕಾಣಬಾರದು, ಅದಕ್ಕೇ ಟವೆಲ್. ಹೆಸರು ಕಂಡರೆ ನಾಲಿಗೆ ಹಾಡನ್ನು ಬಿಟ್ಟು ಹೆಸರನ್ನು ಹೊಗಳುತ್ತದೆ ಎಂಬುದು ಅವರ ನಂಬಿಕೆ. ಗ್ರಾಮಫೋನಿನ ಮುಳ್ಳು ಇಟ್ಟ ಮೇಲೆ ಹಾಡು ಮುಗಿಯುವ ತನಕ ಯಾರೂ ಮಾತಾಡುವಂತಿಲ್ಲ, ಯಂತ್ರವನ್ನು ಮುಟ್ಟುವಂತಿಲ್ಲ. ಮೂವರಿಗೂ ಹಿಡಿಸಿದ ರೆಕಾರ್ಡ್ ಒಂದು ತಿಂಗಳು ಅಂಗಡಿಯ ಕಿಟಕಿಯಲ್ಲಿ ನಿಲ್ಲುತ್ತದೆ. ಬೀದಿಯವರು ಅದನ್ನು ನೋಡಿಯೇ ಕೊಳ್ಳುವುದು.

ಆ ಕೂಟಕ್ಕೆ ಸೇರುವ ಆಸೆ ನನಗೆ. ವಾರವಿಡೀ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ಮನೆಗೆ ಬಂದು ಒಬ್ಬಳೇ ಹಾಡು ಕೇಳುತ್ತಿದ್ದೆ. ಒಳ್ಳೆಯ ಹಾಡನ್ನು ಒಬ್ಬಳೇ ಕೇಳುವುದೆಂದರೆ ಹಬ್ಬದಡುಗೆ ಮಾಡಿಕೊಂಡು ಒಬ್ಬಳೇ ಉಂಡ ಹಾಗೆ. ಜಗಳವಾಡುವುದಕ್ಕಾದರೂ ಯಾರಾದರೂ ಬೇಕು. ಬೇಡಿಕೊಂಡ ಮೇಲೆ ಆ ಮೂವರಲ್ಲೊಬ್ಬನಾದ ಕ್ಲಿಯೋಫಸ್ ರೈನಿ ಷರತ್ತು ಹಾಕಿದ: ಮೂರು ತಿಂಗಳು, ಮೂರು ರೆಕಾರ್ಡ್. ಒಂದೂ ಕಿಟಕಿ ಹತ್ತದಿದ್ದರೆ ನಮಸ್ಕಾರ.

ರೈನಿ ಬಸ್ ಓಡಿಸುವವನು, ಅರವತ್ತರ ಹತ್ತಿರದವನು. ನಾಲ್ಕು ಸ್ವರ ಕೇಳಿ ಹಾಡುಗಾರನ ಊರು ಹೇಳುತ್ತಾನೆಂದು ಹೆಸರುವಾಸಿ. ನನ್ನ ಮೊದಲ ರೆಕಾರ್ಡಿಗೆ ಅವನು "ಹಲ್ಲುಜ್ಜೋವಾಗ ಕೇಳೋಕೆ ಅಡ್ಡಿಯಿಲ್ಲ" ಅಂದ. ಎರಡನೆಯದಕ್ಕೆ ಗೊರಕೆ ಹೊಡೆದ.

ಮೂರನೇ ಭಾನುವಾರ ಮೊದಲ ಸರದಿ ಔಷಧದಂಗಡಿಯ ಡುಪ್ರೀ ಹಾಲಿಸ್‌ನದು. ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ್ದನ್ನು ಅವನು ಇನ್ನೂ ಮರೆತಿಲ್ಲ. ಡೆಟ್ರಾಯಿಟ್‌ನ ಯಾವನೋ ಪಿಯಾನೊದವನ ಆಲ್ಬಮ್ ತಂದಿದ್ದ.

"ಮೊದಲನೇ ಬದಿ ಚೆನ್ನಾಗಿದೆ ಮಾರಾಯ," ಎಂದ ಅಲಾಂಜೊ. "ಎರಡನೇದರಲ್ಲಿ ಅವನಿಗೆ ಬಸ್ಸು ತಪ್ಪತ್ತೆ ಅನ್ನೋ ಹಾಗೆ ಓಡ್ತಾನೆ."

"ನನ್ನ ಬಸ್ಸಾಗಿದ್ರೆ ಹತ್ತಿಸ್ಕೊಳ್ತಿರಲಿಲ್ಲ," ಎಂದ ರೈನಿ.

"ನಿಮ್ಮಿಬ್ಬರ ಕಿವೀಲಿ ಕೂದಲು ಬೆಳೆದಿದೆ. ಆ ಡ್ರಮ್ ಕೇಳಿದ್ರಾ?"

"ನಿನಗೆ ಡ್ರಮ್ ಬಿಟ್ಟು ಬೇರೆ ಏನು ಕೇಳಿಸ್ತು ಹೇಳು ನೋಡೋಣ!" ಎಂದ ಅಲಾಂಜೊ.

ನಾನು ಮೂಲೆಯ ಮರದ ಸ್ಟೂಲಿನಲ್ಲಿ ಕೂತು ಒಳಗೊಳಗೇ ನಗುತ್ತಿದ್ದೆ. ಇವತ್ತು ಸೋತರೆ ಈ ಬೈಗುಳ ಕೇಳದೆ ಹೇಗಿರಲಿ ಅನ್ನಿಸಿತು.

"ಸಿಸ್ಟರ್ ಐಡೆಲಾ, ನಿಮ್ಮ ಸರದಿ," ಎಂದ ಅಲಾಂಜೊ, ಚರ್ಚಿನಲ್ಲಿ ಕರೆಯುವ ಹಾಗೆ. ಮೂವರೂ ಟವೆಲ್ ಎಳೆದುಕೊಂಡರು.

ನಾನು ತಂದದ್ದು ವರ್ಡೆಲ್ ಪೆಟ್ವೇ ಹಾಡಿದ ಪುಟ್ಟ ರೆಕಾರ್ಡ್. ಅವಳಿಗಿನ್ನೂ ಆಲ್ಬಮ್ ಇಲ್ಲ, ಇದೊಂದೇ. ವಾರವೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ, ಭಾನುವಾರ ಸಂಜೆ ಐದಕ್ಕೆ ಸ್ಟೇಟ್ ಬೀದಿಯ ಒಂದು ಬಾರಿನಲ್ಲಿ ಖಾಲಿ ಮೇಜುಗಳಿಗೆ ಹಾಡುವವಳು. ಮುಳ್ಳು ಇಟ್ಟೆ.

ಕೇಳಿಸಿದ್ದು ಅವಳ ದನಿಯೇ ಅಲ್ಲ. ಆ ಕೂಟಕ್ಕೆ ಎಲ್ಲರೂ ತರುವುದು ದೊಡ್ಡ ಆಲ್ಬಮ್‌ಗಳನ್ನೇ, ಅವು ಮೆಲ್ಲಗೆ ತಿರುಗುತ್ತವೆ. ಪುಟ್ಟ ರೆಕಾರ್ಡಿಗೆ ವೇಗ ಹೆಚ್ಚು ಬೇಕು. ವೇಗದ ಕೀಲಿ ತಿರುಗಿಸುವುದನ್ನು ನಾನು ಮರೆತಿದ್ದೆ! ವರ್ಡೆಲ್‌ಳ ದನಿ ಗಂಡಸಿನ ದನಿಯಾಗಿ, ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬರುತ್ತಿತ್ತು. ಕೀಲಿಗೆ ಕೈ ಹಾಕಿದೆ. ರೈನಿ ಟವೆಲ್ಲಿನಡಿಯಿಂದಲೇ ಬೆರಳೆತ್ತಿ "ಶ್!" ಅಂದ. ನಿಯಮ ನಿಯಮವೇ. ಸ್ಟೂಲಿನಲ್ಲಿ ಕುಸಿದು ಕೂತೆ.

ಹಾಡು ಮುಗಿದರೂ ಯಾರೂ ಟವೆಲ್ ತೆಗೆಯಲಿಲ್ಲ.

"ದೇವರೇ," ಎಂದ ಅಲಾಂಜೊ ಕೊನೆಗೆ.

"ಆ ಡ್ರಮ್‌ನವನ ತಾಳ್ಮೆ ನೋಡ್ರಪ್ಪ," ಎಂದ ಹಾಲಿಸ್. "ಒಂದೊಂದು ಪೆಟ್ಟಿಗೂ ಕಾಯ್ತಾನೆ! ಈಗಿನ ಹುಡುಗರಿಗೆ ಎಲ್ಲಿ ಬರತ್ತೆ ಅದು?"

ರೈನಿ ಎದ್ದು ಕೂತ. ಕಣ್ಣು ಒದ್ದೆಯಾಗಿತ್ತು. "ಕಾನ್ಸಾಸ್ ಸಿಟಿಯವನು. ಐವತ್ತು ದಾಟಿದೆ. ಹೆಂಡತಿ ಸತ್ತಿದ್ದಾಳೆ. ಹೆಂಡತಿ ಬದುಕಿರೋ ಗಂಡಸು ಹೀಗೆ ಹಾಡಲ್ಲ. ಕಿಟಕೀಲಿಡು, ಅಲಾಂಜೊ. ಮಗಳೇ, ಇವನ ಹೆಸರೇನು?"

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂತು. "ಇವನು ಅವಳು, ಬ್ರದರ್ ರೈನಿ. ವರ್ಡೆಲ್ ಪೆಟ್ವೇ. ಮೂವತ್ತು ವರ್ಷ. ಮದುವೆಯೇ ಆಗಿಲ್ಲ," ಎಂದು ಕೀಲಿ ತಿರುಗಿಸಿ ಮತ್ತೆ ಹಾಕಿದೆ. ವರ್ಡೆಲ್ ಚುರುಕಾಗಿ, ಚಿಲಿಪಿಲಿಯೆನ್ನುತ್ತ ಹಾಡಿದಳು.

ಹಾಲಿಸ್ ಕುರ್ಚಿಯಿಂದ ಬೀಳುವಷ್ಟು ನಕ್ಕ. "ಹೆಂಡತಿ ಸತ್ತಿದ್ದಾಳಂತೆ! ರೈನಿ, ಅಂತ್ಯಕ್ರಿಯೆಗೆ ನೀನೂ ಹೋಗಿದ್ದೆಯಾ?"

"ಡ್ರಮ್‌ನವನ ತಾಳ್ಮೆ ಅಂತ ಬಾಯಿ ಬಿಟ್ಟೋನು ಯಾರೋ?" ಎಂದು ಅಲಾಂಜೊ ಅವನನ್ನೂ ಬಿಡಲಿಲ್ಲ.

ರೈನಿ ಮಾತ್ರ ನಗಲಿಲ್ಲ. "ಇದು ಪರವಾಗಿಲ್ಲ. ಮೊದಲಿಂದು ಇದಕ್ಕಿಂತ ಚೆನ್ನಾಗಿತ್ತು," ಎಂದ.

ನನ್ನ ಪಿತ್ತ ನೆತ್ತಿಗೇರಿತು. "ಮೊದಲಿಂದು ಅನ್ನೋದೇ ಇಲ್ಲ! ಅದು ನನ್ನ ತಪ್ಪು. ಇದು ಅವಳ ಹಾಡು. ನಿಮ್ಮ ಅಹಂಕಾರಕ್ಕೆ ಅವಳನ್ನ ಯಾಕೆ ತೆಗಳ್ತೀರಿ? ನನ್ನನ್ನ ಬೇಕಾದ್ರೆ ಹೊರಗೆ ಹಾಕಿ."

ರೈನಿ ನನ್ನನ್ನೇ ನೋಡಿದ. ಆಮೇಲೆ ಟೋಪಿ ಎತ್ತಿಕೊಂಡ. "ಐದು ಗಂಟೆಗೆ ಅಂದ್ಯಲ್ಲ? ನಡೀರಿ. ಅವಳ ಬಾಯಿಂದಲೇ ಕೇಳಿ ಹೇಳ್ತೀನಿ."

ನಾನು ಹಾಗೆ ಅಂದೇ ಇರಲಿಲ್ಲ. ವರ್ಡೆಲ್ ಐದಕ್ಕೆ ಹಾಡುವುದು ರೈನಿಗೆ ಗೊತ್ತಿತ್ತು, ಅವನ ಬಸ್ಸು ದಿನಾ ಅವಳ ಹೆಸರು, ಹೊತ್ತು ಬರೆದ ಆ ಬಾರಿನ ಬೋರ್ಡಿನ ಮುಂದೆಯೇ ಹೋಗುತ್ತದೆ. ಒಂದು ದಿನವೂ ಒಳಗೆ ಹೋಗಿರಲಿಲ್ಲವೆಂದು ದಾರಿಯಲ್ಲಿ ತಾನೇ ಒಪ್ಪಿಕೊಂಡ.

ಬಾರಿನಲ್ಲಿ ನಾವು ನಾಲ್ವರು, ಪಿಯಾನೊ ಮುದುಕ, ಲೋಟ ಒರೆಸುವವನು, ಅಷ್ಟೇ. ರೈನಿ ಟೋಪಿ ತೆಗೆದು ವರ್ಡೆಲ್‌ಳ ಮುಂದೆ ನಿಂತು, ನಡೆದದ್ದೆಲ್ಲ ಹೇಳಿಬಿಟ್ಟ, ಸತ್ತ ಹೆಂಡತಿಯನ್ನೂ ಸೇರಿಸಿ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸಿಸ್ಟರ್, ಅಷ್ಟು ನಿಧಾನ ಹಾಡೋಕೆ ಆಗತ್ತಾ?" ಎಂದ ರೈನಿ.

ಅವಳ ನಗು ನಿಂತಿತು. "ನಾನು ಹಾಡು ಕಟ್ಟಿದ್ದೇ ಹಾಗೆ. ರೆಕಾರ್ಡ್ ಮಾಡಿದವರು ಓಡಿಸಿ ಓಡಿಸಿ ಹಾಡಿಸಿದ್ರು. ನಿಧಾನ ಹಾಡಿದ್ರೆ ಜನ ಎದ್ದು ಹೋಗ್ತಾರಂತೆ." ಖಾಲಿ ಮೇಜುಗಳ ಕಡೆ ಕೈ ತೋರಿಸಿದಳು. "ಇಲ್ಲಿ ಎದ್ದು ಹೋಗೋಕೆ ಯಾರಿದ್ದಾರೆ?"

ಹಾಡಿದಳು. ಪಿಯಾನೊ ಮುದುಕ ಅವಳ ಒಂದೊಂದು ಉಸಿರಿಗೂ ಕಾದ. ಈಗ ದನಿ ಹೆಂಗಸಿನದು, ಆದರೆ ನೆಲಮಾಳಿಗೆಯ ಮೆಟ್ಟಿಲು ಅದೇ, ಹತ್ತುವ ಆಯಾಸವೂ ಅದೇ. ನನಗೆ ಗೊತ್ತಿದ್ದ ಹಾಡು ನನಗೇ ಗೊತ್ತಿರಲಿಲ್ಲ ಎಂದು ತಿಳಿದು ಸಂತೋಷಕ್ಕೆ ಕಣ್ಣು ತುಂಬಿತು. ಹಾಲಿಸ್ ಮೇಜಿನ ಮೇಲೆ ತಾಳ ಹಾಕುತ್ತಿದ್ದವನು ಬೆರಳು ನಿಲ್ಲಿಸಿದ. ಅಲಾಂಜೊ ಟವೆಲ್ಲಿಲ್ಲದೆಯೇ ಕಣ್ಣು ಮುಚ್ಚಿಕೊಂಡಿದ್ದ.

ಮುಗಿದ ಮೇಲೆ ರೈನಿ ಬಹಳ ಹೊತ್ತು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡ. ನನ್ನ ಮೂರು ತಿಂಗಳು ಅಂದಿಗೆ ಮುಗಿದಿತ್ತು, ತೀರ್ಪು ಅವನ ಬಾಯಲ್ಲಿತ್ತು. ಅವನು ಕರವಸ್ತ್ರ ಮಡಚಿ ಜೇಬಿಗಿಟ್ಟು ನನ್ನ ಕಡೆ ತಿರುಗಿದ.

"ಮುಂದಿನ ತಿಂಗಳು ಏನು ತರ್ತೀಯ, ಮಗಳೇ?"