ಎಡಗೈ ಹೊಲಿಗೆ

ನಲವತ್ತು ವರ್ಷದ ಹಿಂದೆ ಯುದ್ಧದಲ್ಲಿ ಕಾಣೆಯಾಗಿದ್ದ ಅಣ್ಣ ಹಿಮದೊಳಗೆ ಸಿಕ್ಕಿ, ಇವತ್ತು ಬೆಳಿಗ್ಗೆ ಮನೆಗೆ ಬಂದ. ಮೂಳೆಗಳ ಪೆಟ್ಟಿಗೆ ಒಂದು, ಮೈಮೇಲಿದ್ದ ಬಟ್ಟೆಯ ಪೊಟ್ಟಣ ಇನ್ನೊಂದು. ಮಧ್ಯಾಹ್ನ ಮೆರವಣಿಗೆಗೆ ಬರುತ್ತೇವೆಂದು ಹೇಳಿ ಸೇನೆಯವರು ಹೋದರು. ಅಪ್ಪ ಆಗಲೇ ಇಸ್ತ್ರಿ ಕೋಟು ತೊಟ್ಟು, ವೀರನ ತಂದೆಯಾಗಿ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಏನು? ಈ ಮನುಷ್ಯ ಇಷ್ಟು ವರ್ಷ ಅಮ್ಮನನ್ನು ತಿಂದು ತೇಗಿದವರು. ಅಣ್ಣನನ್ನು ಬೀದಿಯವರೆಲ್ಲ ಕಡ್ಡಿ ಎನ್ನುತ್ತಿದ್ದರು. ಮೊದಲ ಸಲ ಸೇನೆಯವರು ಎದೆಯಳತೆ ಸಾಲದೆಂದು ವಾಪಸು ಕಳಿಸಿದಾಗ ಅವನು ನಗುನಗುತ್ತಲೇ ಬಂದ. ಆ ಖುಷಿಗೆ ಅಮ್ಮ ದಿನಾ ಮೊಟ್ಟೆ ಬೇಯಿಸಿ ಹಾಕಿದಳು. ಮುಂದಿನ ತಿಂಗಳು ಅಪ್ಪ ಮತ್ತೆ ಕರೆದುಕೊಂಡು ಹೋದರು. ಪಾಸಾದ. ಹೋದವನು ತಿರುಗಿ ಬರಲಿಲ್ಲ.

"ನೀನೇ ತಿನ್ಸಿ ತಿನ್ಸಿ ಎದೆ ಅಗಲ ಮಾಡಿ ಸಾವಿಗೆ ಕಳಿಸ್ದೆ," ಎಂದು ಅಪ್ಪ ನೆಂಟರ ಮುಂದೆ, ಅಂಗಡಿಯಲ್ಲಿ ಗಿರಾಕಿಗಳ ಮುಂದೆ, ಎಲ್ಲೆಂದರಲ್ಲಿ ಎತ್ತಿ ಆಡಿದರು. ಅಮ್ಮ ಪಾಪ ನಂಬಿದಳು. ಆಮೇಲೆ ಅವಳು ಮೊಟ್ಟೆಯನ್ನು ಬಾಯಿಗಿಟ್ಟವಳೇ ಅಲ್ಲ.

ಇವತ್ತು ಅವಳು ಆ ಬಟ್ಟೆಯ ಪೊಟ್ಟಣಕ್ಕೆ ಕೈ ಹಾಕಿದಳು.

"ಅದನ್ನ ಬಿಚ್ಬೇಡ. ಸುಮ್ನೆ ಒಳಗಿಡು," ಎಂದರು ಅಪ್ಪ.

ಅವಳು ಬಿಚ್ಚಿದಳು. ಸಮವಸ್ತ್ರ ಚಿಂದಿಯಾಗಿತ್ತು. ಅದರೊಳಗೆ ತೊಟ್ಟಿದ್ದ ತೋಳಿಲ್ಲದ ಅಂಗಿಯೊಂದು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಕೋಟಿನ ಹೆಗಲಿಗೆ ಇಡುವ ಪ್ಯಾಡುಗಳನ್ನು ಅದರ ಎದೆಗೂ ಬೆನ್ನಿಗೂ ಪದರ ಪದರವಾಗಿ ಇಟ್ಟು ಹೊಲಿದಿದ್ದರು.

ಅಮ್ಮ ಕನ್ನಡಕ ಹಾಕಿಕೊಂಡಳು. ನಮ್ಮ ದರ್ಜಿ ಅಂಗಡಿಯಲ್ಲಿ ಕಾಜಾ, ಗುಂಡಿ ಎಲ್ಲ ಅವಳ ಕೈಯದೇ. ಹೊಲಿಗೆ ನೋಡಿದರೆ ಯಾರದೆಂದು ಹೇಳಬಲ್ಲಳು. ಅಪ್ಪ ಎಡಚರು, ಅವರ ಕೈಹೊಲಿಗೆ ಉಲ್ಟಾ ವಾಲುತ್ತದೆ. ಇದೂ ಹಾಗೇ ವಾಲಿತ್ತು. ಬೇರೆಯವರಾಗಿದ್ದರೆ ಇಂಥ ಕಳ್ಳ ಕೆಲಸಕ್ಕೆ ನಾಲ್ಕು ಕಚ್ಚಾ ಹೊಲಿಗೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರು, ಅದು ಎಂದೋ ಬಿಚ್ಚಿಹೋಗುತ್ತಿತ್ತು. ಅಪ್ಪನಿಗೆ ಕೆಟ್ಟದಾಗಿ ಹೊಲಿಯಲು ಬರುವುದಿಲ್ಲ. ಮೇಣ ಹಚ್ಚಿದ ಜೋಡಿ ದಾರ ಹಾಕಿ ಒತ್ತೊತ್ತಾಗಿ ಹೊಲಿದಿದ್ದರು.

"ಇದು ನಿಮ್ಮ ಕೈ," ಎಂದಳು ಅಮ್ಮ.

ಅಪ್ಪ ನೆಲ ನೋಡಿದರು. "ಆಗ ಯುದ್ಧದ ಗಡಿಬಿಡಿ. ಅಂಗಿ ಮೇಲೇನೇ ಅಳತೆ ತಗೊಳ್ತಿದ್ರು. ನಮ್ಮನೆಯಿಂದ ಯಾರೂ ಹೋಗ್ಲಿಲ್ಲ ಅಂತ ಜನ ಆಡ್ಕೊಳ್ತಿದ್ರು."

"ಅವ್ನು ಬೇಡ ಅನ್ಲಿಲ್ವಾ?"

"ಅತ್ಬಿಟ್ಟ. ತೊಟ್ಕೋ, ಅಲ್ಲಿ ಬೆಚ್ಚಗಿರುತ್ತೆ ಅಂದೆ."

ಅಮ್ಮ ಅಳಲಿಲ್ಲ. ಕತ್ತರಿ ತಂದು ಹೊಲಿಗೆ ಬಿಚ್ಚಿ, ಪ್ಯಾಡುಗಳನ್ನು ಒಂದೊಂದಾಗಿ ಅಪ್ಪನ ತೊಡೆಯ ಮೇಲೆ ಹಾಕಿದಳು. ಉಳಿದ ಬಟ್ಟೆಯನ್ನು ಅವರ ಮುಖದ ಮುಂದೆ ಹಿಡಿದಳು. "ನನ್ನ ಮಗನ ಎದೆ ಇಷ್ಟೇ ಇದ್ದಿದ್ದು. ನನ್ನ ಮೊಟ್ಟೆಯಿಂದ ಒಂದು ನೂಲೂ ಬೆಳೆದಿರ್ಲಿಲ್ಲ."

"ಮೊದ್ಲು ಅದನ್ನ ಮುಚ್ಚು. ಜನ ಬರ್ತಾರೆ."

"ನೀವೇ ಹೊಲೀರಿ, ಈ ಸಲ ಅವ್ನ ಅಳತೆಗೆ. ಪೆಟ್ಟಿಗೇಲಿ ಅವ್ನ ಮೇಲೆ ಹೊದಿಸ್ತೀನಿ."

ಅಪ್ಪ ಸೂಜಿಗೆ ದಾರ ಪೋಣಿಸಲು ನೋಡಿದರು, ಆಗಲಿಲ್ಲ. ಸೂಜಿ ನನ್ನ ಕಡೆ ಚಾಚಿದರು. "ದಾರ ಪೋಣ್ಸಿ ಕೊಡಮ್ಮ."

"ಅವ್ಳಿಗೆ ಬೇರೆ ಕೆಲ್ಸ ಇದೆ," ಎಂದಳು ಅಮ್ಮ. "ಹೋಗು, ಎರಡು ಮೊಟ್ಟೆ ಬೇಯೋಕಿಡು."

ಇಟ್ಟೆ. ಸುಲಿದು, ಉಪ್ಪು ಹಾಕಿ ತಂದುಕೊಟ್ಟೆ. ಅವರ ಎದುರಿಗೇ ಕೂತು ಅಮ್ಮ ಎರಡನ್ನೂ ನಿಧಾನವಾಗಿ ತಿಂದಳು. ಹೊರಗೆ ಬ್ಯಾಂಡು ಶುರುವಾಯಿತು. ಅಪ್ಪ ಇನ್ನೂ ದಾರದ ತುದಿಯನ್ನು ಎಂಜಲು ಮಾಡಿಕೊಂಡು ಸೂಜಿಯ ಕಣ್ಣು ಹುಡುಕುತ್ತಿದ್ದರು.

"ಬೇಗ ಆಗ್ಲಿ," ಎಂದಳು ಅಮ್ಮ, ಕೈ ಒರೆಸಿಕೊಳ್ಳುತ್ತ. "ಮಗು ಚಳೀಲಿದೆ."